ಎಂಬಿಎ ಪದವೀಧರರ ಸ್ವವಿವರ: ಬರೆಯದೇ ಉಳಿದ ಅರ್ಹತೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬರುವ ಎಂಬಿಎ ವಿದ್ಯಾರ್ಥಿಗಳ ಸ್ವವಿವರ ಪತ್ರಗಳನ್ನು ಒಟ್ಟಿಗೆ ಓದಿದವರಿಗೆ, ಹೆಸರು-ವಿಳಾಸ ಮುಚ್ಚಿದರೆ ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಸವಾಲಿನ ಹುದ್ದೆಯಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವ ಗುರಿ, ನಾಯಕತ್ವ ಗುಣ, ಸಂವಹನ ಕೌಶಲ; ಕೊನೆಗೆ ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ. ಇದು ನೌಕರಿಯ ಅರ್ಜಿಯೋ, ವಧೂವರರ ಮಾಹಿತಿಯೋ ಎಂಬ ಸಂದೇಹ ಮೂಡಿದರೆ ಅಚ್ಚರಿಯಿಲ್ಲ.

ಈ ಭಾಗದಲ್ಲಿ ವ್ಯವಹಾರ ಶಿಕ್ಷಣಕ್ಕೆ ಕೊರತೆಯಿಲ್ಲ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕೊರತೆಯಿರುವುದು ತನಗೆ ಗೊತ್ತಿರುವುದನ್ನು ಅರ್ಹತೆಯೆಂದು ಗುರುತಿಸುವ ದೃಷ್ಟಿಯಲ್ಲಿ.

ಅಡತಿ ಅಂಗಡಿಯವರ ಮನೆಯ ಹುಡುಗನನ್ನೇ ತೆಗೆದುಕೊಳ್ಳಬಹುದು. ತೊಗರಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಆತ ಕಾಟಾದ ಬಳಿ ಕುಳಿತು ತೂಕ ಬರೆದಿರುತ್ತಾನೆ, ಕಾಳನ್ನು ಕಚ್ಚಿ ತೇವ ಅಂದಾಜು ಮಾಡಿರುತ್ತಾನೆ, ರೈತನಿಗೆ ಪಟ್ಟಿ ಲೆಕ್ಕ ಬಿಡಿಸಿ ಹೇಳಿರುತ್ತಾನೆ. ಸ್ವವಿವರದಲ್ಲಿ ಇದರ ಒಂದಕ್ಷರವೂ ಇರುವುದಿಲ್ಲ. ಅಂಗಡಿಯ ಕೆಲಸ ಹೇಳಿಕೊಂಡರೆ ಹಗುರವಾದೀತೆಂಬ ಸಂಕೋಚ. "ಮೂರು ಸುಗ್ಗಿಗಳಲ್ಲಿ ಅಡತಿ ಅಂಗಡಿಯ ಆವಕ ಪುಸ್ತಕ ನಿರ್ವಹಿಸಿದ್ದೇನೆ, ಕೈಬರಹದ ಖಾತೆಯನ್ನು ಟ್ಯಾಲಿಗೆ ತಂದಿದ್ದೇನೆ" ಎಂಬ ಎರಡು ವಾಕ್ಯಗಳು, ಅವು ನಿಜವಾಗಿದ್ದರೆ, ಒಂದು ಪುಟದ ವಿಶೇಷಣಗಳಿಗಿಂತ ತೂಕವುಳ್ಳವು. ದಾಲ್ ಮಿಲ್ ಮಾಲೀಕನಿಗೆ ಬೇಕಾದವನು ಅಂಥವನೇ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ ಬೇಳೆಗೆ ಜಿಎಸ್‌ಟಿ ಬಂದಾಗ, ಬಿಡಿ ಮಾರಾಟಕ್ಕೂ ಪೊಟ್ಟಣಕ್ಕೂ ಬಿಲ್ಲಿನಲ್ಲಿ ಆಗುವ ವ್ಯತ್ಯಾಸ ತಿಳಿದವರಿಗಾಗಿ ಸಣ್ಣ ಮಿಲ್ಲುಗಳು ಹುಡುಕಾಡಬೇಕಾಯಿತು.

ಯೋಜನಾ ವರದಿಯ ವಿಷಯವೂ ಹೀಗೆಯೇ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದರ ಲಾಭ ಸಣ್ಣ ಮಿಲ್ಲಿಗೆ ತಲುಪುವ ಬಗೆ, ಅಫಜಲಪುರದ ಭೀಮಾ ತೀರದ ಕಬ್ಬಿನ ಸಾಗಾಟ ವೆಚ್ಚ, ಜೇವರ್ಗಿಯ ಹತ್ತಿ ವಹಿವಾಟು: ಇವುಗಳಲ್ಲೊಂದನ್ನು ಅಧ್ಯಯನ ಮಾಡಿದ ವಿದ್ಯಾರ್ಥಿಯನ್ನು ಸಂದರ್ಶಕರು ಕುಳ್ಳಿರಿಸಿ ಮಾತನಾಡಿಸುವರು. ದೂರದ ಕಂಪನಿಯ ಗ್ರಾಹಕ ಸಂತೃಪ್ತಿಯ ಕುರಿತ ನಕಲು ವರದಿಗೆ ಆ ಭಾಗ್ಯವಿಲ್ಲ.

ಆದರೆ ತಪ್ಪೆಲ್ಲ ವಿದ್ಯಾರ್ಥಿಗಳದೆಂದು ವರ್ತಕರು ಕೈತೊಳೆದುಕೊಳ್ಳುವಂತಿಲ್ಲ. ಬೀಗರ ಮಾತಿನ ಮೇಲೆ ಗುಮಾಸ್ತನನ್ನು ನೇಮಿಸಿಕೊಂಡು, ಬಂದ ಸ್ವವಿವರವನ್ನು ಮೇಜಿನ ಖಾನೆಗೆ ತಳ್ಳಿ, ಬಳಿಕ ಓದಿದ ಹುಡುಗರು ಪುಣೆ, ಹೈದರಾಬಾದು ಸೇರುತ್ತಾರೆಂದು ಕೊರಗುವುದು ಎಷ್ಟು ಸರಿ? ಬೇಕಾದ ಕೆಲಸವೇನು, ಸಂಬಳವೆಷ್ಟು, ಯಾವ ಲೆಕ್ಕ ಬರಬೇಕು ಎಂಬುದನ್ನು ಎಷ್ಟು ಅಂಗಡಿಗಳು ಬರೆದು ತಿಳಿಸಿವೆ? ಕೇಳುವವನು ಬಾಯಿ ಬಿಡದಿದ್ದಾಗ ಬರೆಯುವವನು ಎಲ್ಲಿಂದಲೋ ನಕಲು ಮಾಡುತ್ತಾನೆ. ಡಿಸೆಂಬರಿನ ತೊಗರಿ ರಾಶಿಗೆ ಮುನ್ನವೇ ಮಿಲ್ಲು, ಅಡತಿ ಅಂಗಡಿಗಳವರು ಆ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಕಾಲೇಜುಗಳ ಉದ್ಯೋಗ ವಿಭಾಗಕ್ಕೆ ಕಳಿಸಲು ಅಂಚೆ ವೆಚ್ಚವಲ್ಲದೆ ಬೇರೇನೂ ತಗಲದು.