ನಾರು ಬೇಕು, ಕಪ್ಪು ನೀರು ಬೇಡ

ಔರಾದಿನ ತೊಗರಿ ಕಟ್ಟಿಗೆಯಲ್ಲೂ ಭಾಲ್ಕಿಯ ಕಬ್ಬಿನ ಸಿಪ್ಪೆಯಲ್ಲೂ ಕಾಗದಕ್ಕೆ ಬೇಕಾದ ಸೆಲ್ಯುಲೋಸ್ ನಾರು ಇದೆ. ಒಣಸಿಪ್ಪೆಯಲ್ಲಿ ಇದರ ಪಾಲು ನೂರಕ್ಕೆ ಸುಮಾರು 40. ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿದರೆ ನಾರನ್ನು ಬಿಗಿದಿರುವ ಲಿಗ್ನಿನ್ ಎಂಬ ಅಂಟು ಕರಗಿ ನಾರು ಬಿಡಿಯಾಗುತ್ತದೆ. ಭದ್ರಾವತಿಯ ಕಾಗದ ಕಾರ್ಖಾನೆಯೂ ಹಿಂದೆ ಕಬ್ಬಿನ ಸಿಪ್ಪೆಯನ್ನು ಬಳಸುತ್ತಿತ್ತು.

ಆದರೆ ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಸೋಡಾ ಕಣ್ಣು, ಚರ್ಮಗಳನ್ನು ಸುಡುತ್ತದೆ. ಮಿಕ್ಕ ಕಪ್ಪು ನೀರು ಹಳ್ಳ ಸೇರಿದರೆ ಮಾಂಜ್ರಾ ನದಿಯೂ ಕೆಡುತ್ತದೆ. ಆದ್ದರಿಂದ ಸೋಡಾವನ್ನು ಮರಳಿ ಪಡೆಯುವ ವ್ಯವಸ್ಥೆಯುಳ್ಳ ಸಹಕಾರಿ ಘಟಕವನ್ನೇ ಬೀದರಿಗೆ ಕೇಳೋಣ. ಅಲ್ಲಿಯವರೆಗೆ ತೊಗರಿ ಕಟ್ಟಿಗೆ ಒಲೆಗಿರಲಿ. ಕಬ್ಬಿನ ರವದಿಗೆ ಬೆಂಕಿಯಿಡದೆ ಹೊಲಕ್ಕೇ ಹೊದಿಸಿರಿ.