ಮೂರು ಗಂಟೆಯ ಆಟದಲ್ಲಿ ಕರ್ಣನ ಪಾಡು

ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಮುಂಬಯಿಯ ಸಭಾಗೃಹಗಳಲ್ಲಿ ಚಂಡೆಯ ದನಿ ಕೇಳುವುದು ನಮ್ಮವರಿಗೆ ಹಬ್ಬವೇ ಸರಿ. ಆದರೆ ಊರಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗವು ಇಲ್ಲಿ ಮೂರು ಗಂಟೆಯೊಳಗೆ ಮುಗಿಯಬೇಕು. ಅದನ್ನು ನಾವು ಆಕ್ಷೇಪಿಸುವವರಲ್ಲ. ಹೋಟೆಲಿನ ಕೆಲಸಗಾರನು ನಸುಕಿನಲ್ಲೇ ಇಡ್ಲಿಯ ಹಬೆಯ ಮುಂದೆ ನಿಲ್ಲಬೇಕು. ಗುಮಾಸ್ತನು ಕೊನೆಯ ಲೋಕಲ್ ಗಾಡಿ ಹಿಡಿಯಬೇಕು. ನಮ್ಮ ತಕರಾರೆಲ್ಲ ಕತ್ತರಿ ಎಲ್ಲಿ ಬೀಳುತ್ತಿದೆ ಎಂಬುದರ ಮೇಲೆ.

ಕರ್ಣನ ಕಥೆಯನ್ನೇ ನೋಡೋಣ. ಆತನು ಸಾಯುವನೆಂಬುದು ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಎದೆ ಹೊಡೆದುಕೊಳ್ಳುವುದೇಕೆ? ಕೃಷ್ಣನು ಅವನನ್ನು ಏಕಾಂತಕ್ಕೆ ಕರೆದು ಜನ್ಮರಹಸ್ಯವನ್ನು ತಿಳಿಸಿ, ರಾಜ್ಯವನ್ನೂ ಐವರು ತಮ್ಮಂದಿರನ್ನೂ ಮುಂದಿಡುತ್ತಾನೆ. ಆಗ ಕರ್ಣನು ಸುಮ್ಮನಿರುವ ಆ ಒಂದು ಗಳಿಗೆಯಲ್ಲಿ, ಒಪ್ಪಿಬಿಡಬಾರದೇ ಎಂದು ನಮ್ಮ ಮನಸ್ಸು ಹಂಬಲಿಸುತ್ತದೆ. ಕುಮಾರವ್ಯಾಸನೂ ಇಲ್ಲಿ ಅವಸರಪಟ್ಟವನಲ್ಲ. ಅನಂತರ ಕುಂತಿ ಬಂದು, ತೊಟ್ಟ ಬಾಣವನ್ನು ಮರಳಿ ತೊಡೆನೆಂಬ ಮಾತನ್ನು ಅವನಿಂದ ಪಡೆಯುತ್ತಾಳೆ. ಯುದ್ಧದ 17ನೆಯ ದಿನ ಸರ್ಪಾಸ್ತ್ರವು ಗುರಿ ತಪ್ಪಿ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿ, ಮತ್ತೆ ತನ್ನನ್ನು ತೊಡೆಂದು ಬೇಡುವಾಗ ಸಭೆಯೆಲ್ಲ ಉಸಿರು ಬಿಗಿಹಿಡಿಯುವುದು ಆ ಮಾತಿನ ನೆನಪಿನಿಂದಲೇ.

ಈಗ ಕತ್ತರಿ ಬೀಳುತ್ತಿರುವುದು ಹೆಚ್ಚಾಗಿ ಈ ನಿಧಾನದ ಭಾಗಗಳಿಗೆ. ಮಾತಿಗಿಂತ ಯುದ್ಧವೇ ಜನರಿಗೆ ಬೇಕೆಂಬುದು ಸಂಘಟಕರ ಲೆಕ್ಕ. ಕುಂತಿಯ ಭೇಟಿಯನ್ನು ನೋಡದವನಿಗೆ, ಸರ್ಪವನ್ನು ನಿರಾಕರಿಸುವ ಕರ್ಣನು ಬರಿಯ ಹಟಮಾರಿಯಾಗಿ ಕಾಣುತ್ತಾನೆ. ಮೊದಲ ಪದದಿಂದಲೇ ಚಂಡೆ ಅಬ್ಬರಿಸಿದರೆ, ಕೊನೆಯ ಯುದ್ಧಕ್ಕೆ ಏರಿಸಲು ಭಾಗವತರ ಬಳಿ ಉಳಿಯುವುದಾದರೂ ಏನು? ಕಿವಿ ಆಗಲೇ ದಣಿದಿರುತ್ತದೆ. ಏರಬೇಕಾದ ಲಯಕ್ಕೆ ಇಳಿದ ನೆಲವೊಂದು ಬೇಕಷ್ಟೆ.

ಸಮಯವಿಲ್ಲವೆಂಬ ಉತ್ತರ ಸಿದ್ಧವಾಗಿದೆ. ಆದರೆ ನಾವೇ ಕಂಡಂತೆ, ಆಟದ ನಡುವೆ ಪರದೆ ಎಳೆದು ಶಾಲು, ಹಾರ, ಸ್ಮರಣಿಕೆ, ಭಾಷಣಗಳೆಂದು ಅರ್ಧ ಗಂಟೆ ಸಲೀಸಾಗಿ ಸಿಗುತ್ತದೆ. ಸನ್ಮಾನಿತರ ಮೇಲೆ ನಮಗೆ ಗೌರವವಿದೆ. ಆ ವೇದಿಕೆಯಲ್ಲಿ ಒಮ್ಮೆ ಶಾಲು ಹೊದ್ದ ತಪ್ಪು ನಮ್ಮದೂ ಹೌದು. ಮತ್ತೆ ಪರದೆ ಸರಿದಾಗ ಕರ್ಣನು ಬಂದು ನಿಂತರೂ ಸಭೆಯು ಚಹಾದ ಬಟ್ಟಲಿನಲ್ಲಿತ್ತು. ಹೊತ್ತೇರುವವರೆಗೆ ಕಟ್ಟಿದ ಬಿಗಿಯನ್ನು ಒಂದು ಹಾರ ಸಡಿಲಿಸಿಬಿಟ್ಟಿತ್ತು.

ಈ ಮಳೆಗಾಲದಲ್ಲಾದರೂ ನಮ್ಮ ಸಂಘಗಳು ಸನ್ಮಾನವನ್ನು ಚೌಕಿಪೂಜೆಯ ಹೊತ್ತಿಗೇ ಮುಗಿಸಲಿ. ಉಳಿದ ಆ ಅರ್ಧ ಗಂಟೆಯನ್ನು ಕುಂತಿಗೂ ಕರ್ಣನಿಗೂ ಬಿಟ್ಟುಕೊಡಲಿ.