ಸಾಬೂನಿನ ಹೊಳಪು

ಮನೆಯಲ್ಲಿ ಸಾಬೂನು ಮಾಡಲು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಅದಕ್ಕೆ ಬಣ್ಣದ ಅಭ್ರಕದ ಪುಡಿಯನ್ನು ಬೆರೆಸಿ ಅಲಂಕರಿಸುತ್ತಿದ್ದಾರೆ. ಹಿರಿಯರು ಕಾಗೆಬಂಗಾರವೆನ್ನುವ ವಸ್ತುವೇ ಇದು. ಎಣ್ಣೆಯಲ್ಲಿ ಕಲಸಿ ಮೇಲೆ ಗೆರೆಯೆಳೆದರೆ ಸಾಬೂನು ರೇಶ್ಮೆಯಂತೆ ಮಿನುಗುವುದು. ಅಂದವನ್ನು ನಾವು ಹಳಿಯುವುದಿಲ್ಲ. ಆದರೆ ಕೊಳೆಯನ್ನು ತೆಗೆಯುವುದು ಸಾಬೂನೇ ಹೊರತು ಅಭ್ರಕವಲ್ಲ. ತೂಕ ತಪ್ಪಿ ಕಾಸ್ಟಿಕ್ ಸೋಡ ಹೆಚ್ಚಾದರೆ, ಎಷ್ಟು ಮಿನುಗಿದರೂ ಅದು ಚರ್ಮವನ್ನು ಸುಡುವುದು. ಸರಿಯಾಗಿ ತೂಗಿ, ಅಚ್ಚಿನಿಂದ ತೆಗೆದು, 4 ವಾರ ಗಾಳಿಗೆ ಆರಿಸುವ ತಾಳ್ಮೆಯೇ ಮೊದಲನೆಯ ಅಲಂಕಾರವು.

ಇದಕ್ಕಿಂತ ಭಾರವಾದ ಮಾತೊಂದುಂಟು. ಝಾರ್ಖಂಡದ ಕೊಡರ್ಮ, ಗಿರಿಡೀಹ್ ಮೊದಲಾದ ಕಡೆಗಳಲ್ಲಿ ಶಾಲೆಯಲ್ಲಿರತಕ್ಕ ಮಕ್ಕಳು ಅನುಮತಿಯಿಲ್ಲದ ಗಣಿಗಳಲ್ಲಿ ಅಭ್ರಕದ ಚೂರುಗಳನ್ನು ಆಯುತ್ತಿದ್ದರೆಂದೂ, ಕೆಲವರು ಅಲ್ಲಿಯೇ ಪ್ರಾಣ ಬಿಟ್ಟರೆಂದೂ 2016ರ ಪತ್ರಿಕಾ ವರದಿಗಳು ಬಯಲಿಗೆ ತಂದವು. ನಮ್ಮ ಮಗಳ ಕೈಯಲ್ಲಿ ಪುಸ್ತಕವಿರಲೆಂದು ಬಯಸುವ ನಾವು, ಮತ್ತೊಬ್ಬರ ಮಗಳು ಆಯ್ದ ಹೊಳಪನ್ನು ವಿಚಾರಿಸದೆ ಕೊಳ್ಳಬಹುದೇ? ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಕರೆದು ಆಶೀರ್ವದಿಸಿದ ಕರ್ತನು ಇದನ್ನು ಮೆಚ್ಚನು.

ಆದುದರಿಂದ ಪುಡಿಯು ಎಲ್ಲಿಂದ ಬಂತೆಂದು ಅಂಗಡಿಯಲ್ಲಿ ಕೇಳಿರಿ. ತಕ್ಕ ಉತ್ತರ ದೊರೆಯದಿದ್ದರೆ ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಅಭ್ರಕವನ್ನಾಗಲಿ, ಅಡಿಗೆಮನೆಯ ಅರಸಿನವನ್ನಾಗಲಿ ಬಳಸಿರಿ. ಅರಸಿನದ ಬಣ್ಣವು ಬೆಳಕಿಗೆ ಬೇಗನೆ ಮಾಸುವುದು ನಿಜವೇ. ಅಷ್ಟು ನಷ್ಟವನ್ನು ನಾವು ಸಂತೋಷದಿಂದ ತಾಳಿಕೊಳ್ಳೋಣ.